ನ್ಯಾಯಮೂರ್ತಿ ಶ್ರೀ ಕೌಡೂರು ಸದಾನಂದ ಹೆಗ್ಡೆಯವರು

ಅಧಿಕಾರವು ದೊರೆಯುವುದು ಲೋಕದಲ್ಲಿ ಅಷ್ಟೇನೂ ದುರ್ಲಭವಲ್ಲ. ದೊರೆತುದನ್ನು ಧರ್ಮಬುದ್ಧಿಯಿಂದ ನಡೆಯಿಸಿ, ಆತ್ಮಗೌರವಕ್ಕೆ ಕುಂದು ಬರುವ ಸಮಯವೊದಗಿದಾಗ ಅದನ್ನು ನಿರ್ಮೋಹದಿಂದ ಬಿಟ್ಟುಕೊಡುವುದೇ ದುರ್ಲಭವಾದುದು. ಶಾಸನಗಳನ್ನು ರಚಿಸುವ ಸಭೆಯಲ್ಲಿಯೂ ಅವುಗಳನ್ನು ಪರೀಕ್ಷಿಸುವ ನ್ಯಾಯಪೀಠದಲ್ಲಿಯೂ ಕುಳಿತು, ಎರಡೆಡೆಯಲ್ಲಿಯೂ ಹೆಸರನ್ನು ನಿರ್ಮಲವಾಗಿಟ್ಟುಕೊಂಡ ಕನ್ನಡನಾಡಿನ ಮಹನೀಯರಲ್ಲಿ ನ್ಯಾಯಮೂರ್ತಿ ಶ್ರೀ ಕೆ. ಎಸ್. ಹೆಗ್ಡೆಯವರು ಅಗ್ರಗಣ್ಯರು. ಮಠವೊಂದರ ಮೊಕದ್ದಮೆಯೇ ಅವರ ಜೀವನದ ಮಹಾಪರೀಕ್ಷೆಗೆ ಕಾರಣವಾದುದರಿಂದ, ಮಠದ ಭಕ್ತರು ಅವರ ಚರಿತ್ರೆಯನ್ನು ಅರಿತಿರುವುದು ಉಚಿತವಾಗಿದೆ.

ಶ್ರೀಯುತರು 1909ನೆಯ ಇಸವಿ ಜೂನ್ ತಿಂಗಳ 11ನೆಯ ತಾರೀಖಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕಾರ್ಕಳ ತಾಲ್ಲೂಕಿಗೆ ಸೇರಿದ ಕೌಡೂರು ಗ್ರಾಮದಲ್ಲಿ ಜನಿಸಿದರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಮತ್ತು ಲಾ ಕಾಲೇಜುಗಳಲ್ಲಿಯೂ ವ್ಯಾಸಂಗಮಾಡಿ, ಸ್ವಂತ ಜಿಲ್ಲೆಯಲ್ಲಿಯೇ ವಕೀಲವೃತ್ತಿಯನ್ನು ಕೈಕೊಂಡರು. 1947ರಿಂದ 1951ರ ವರೆಗೆ ಸರ್ಕಾರೀ ವಕೀಲರಾಗಿಯೂ ಪಬ್ಲಿಕ್ ಪ್ರಾಸಿಕ್ಯೂಟರಾಗಿಯೂ ಕೆಲಸಮಾಡಿದರು.

ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದಿತು. 1952ರಲ್ಲಿ ರಾಜ್ಯಸಭೆಯು ಮೊದಲ ಬಾರಿಗೆ ಏರ್ಪಟ್ಟಾಗ ಆ ಪ್ರಾಂತದ ಪರವಾಗಿ ಹೆಗ್ಡೆಯವರು ಕಾಂಗ್ರೆಸ್ ಪಕ್ಷದ ಸದಸ್ಯರಾಗಿ ಆಯ್ಕೆಯಾದರು. 1954ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಹೋದ ಭಾರತದ ನಿಯೋಗದಲ್ಲಿಯೂ ಇದ್ದರು. 1956ರಲ್ಲಿ ಭಾಷಾವಾರು ಪ್ರಾಂತಗಳು ರಚಿತವಾಗಿ ದಕ್ಷಿಣ ಕನ್ನಡವು ಮೈಸೂರು ರಾಜ್ಯದಲ್ಲಿ ಸೇರಿತು. ಮರುವರ್ಷ ಅವರು ಸದಸ್ಯತ್ವವನ್ನು ತ್ಯಜಿಸಿ, ಬೆಂಗಳೂರಿನಲ್ಲಿದ್ದ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. ಪಕ್ಷದಿಂದ ಬಂದವರು ಪಕ್ಷಪಾತವಿಲ್ಲದೆ ತೀರ್ಪುಕೊಡಬಲ್ಲರೇ ಎಂಬ ಶಂಕೆಯು ಇಂತಹ ಸಂದರ್ಭದಲ್ಲಿ ಸಹಜವಾದುದು; ಅವರ ಮುಂದಿನ ನಡತೆಯೇ ಅದಕ್ಕೆ ಸಮಾಧಾನವಾಯಿತು. 1966ರ ಅಕ್ಟೋಬರ್ 31ರಂದು ಸ್ಥಾಪಿತವಾದ ದೆಹಲಿ ಹೈಕೋರ್ಟಿಗೆ ಅವರೇ ಪ್ರಥಮ ಮುಖ್ಯ ನ್ಯಾಯಾಧೀಶರು. 1967ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಪೀಠವನ್ನೇರಿದರು.

ಇಂತಿರಲು, ಅವರ ಜನ್ಮಜಿಲ್ಲೆಯಿಂದಲೇ 1956ರಲ್ಲಿ ಬೇರ್ಪಟ್ಟು ಕೇರಳಕ್ಕೆ ಸೇರಿದ ಕಾಸರಗೋಡಿನ ಸೀಮೆಯಿಂದ ಒಂದು ಅರ್ಜಿಯು ದೆಹಲಿಗೆ ಬಂದಿತು. ಎಡನೀರು ಮಠಾಧೀಶರಾದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು, ಕೇರಳದ ಭೂಸುಧಾರಣಾ ಶಾಸನದಿಂದ ಮಠದ ಭೂಮಿಗೆ ಒದಗಿದ ಬಾಧೆಯನ್ನು ಕುರಿತು 1970ರಲ್ಲಿ ಸಲ್ಲಿಸಿದ ಅರ್ಜಿಯದು. ಮಠದ ಹೊಲಗದ್ದೆಗಳ ಪ್ರಶ್ನೆಯಾಗಿ ಮೊದಲಾದ ಈ ವ್ಯಾಜ್ಯವು, ರಾಜ್ಯಾಂಗವನ್ನು ಎಷ್ಟರಮಟ್ಟಿಗೆ ತಿದ್ದಲು ಪಾರ್ಲಿಮೆಂಟಿಗೆ ಅಧಿಕಾರವುಂಟೆಂಬ ಮಹಾಪ್ರಶ್ನೆಯಾಗಿ ಬೆಳೆಯಿತು. 13 ಮಂದಿ ನ್ಯಾಯಮೂರ್ತಿಗಳು 68 ದಿವಸ ವಾದವನ್ನಾಲಿಸಿ, 1973ರ ಏಪ್ರಿಲ್ 24ರಂದು ತೀರ್ಪನ್ನಿತ್ತರು. ಪಾರ್ಲಿಮೆಂಟು ರಾಜ್ಯಾಂಗವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂದು 7 ಮಂದಿ ಅಭಿಪ್ರಾಯಪಟ್ಟರು. 6 ಮಂದಿ ಒಪ್ಪಲಿಲ್ಲ. ಹೆಗ್ಡೆಯವರು ಬಹುಮತದವರಲ್ಲೊಬ್ಬರಾಗಿ ನ್ಯಾಯಮೂರ್ತಿ ಮುಖರ್ಜಿಯವರೊಡನೆ ಕೂಡಿ ತೀರ್ಪನ್ನು ಬರೆದರು. ದೇಶದ ಸಾರ್ವಭೌಮತ್ವ, ಪ್ರಜಾಪ್ರಭುತ್ವ, ಏಕತೆ, ವ್ಯಕ್ತಿಸ್ವಾತಂತ್ರ್ಯ ಇವುಗಳೊಡನೆ ಜನಹಿತಕ್ಕಾಗಿ ಸಮಸಮಾಜವನ್ನು ಕಟ್ಟುವ ಹೊಣೆಯನ್ನೂ ಅವರು ಮೂಲತತ್ತ್ವಗಳಲ್ಲಿ ಎಣಿಸಿದರು. ಬಡವರ ಹಿತವನ್ನು ಅವರು ಮರೆತಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಭೂಸುಧಾರಣೆಗೆ ರಕ್ಷಣೆಯಿತ್ತ ತಿದ್ದುಪಡಿಯು ಊರ್ಜಿತವಾದುದರಿಂದ ಮಠವು ಬೇಡಿದ ಪರಿಹಾರವು ಅದಕ್ಕೆ ದೊರೆಯಲಿಲ್ಲ. ದೇಶಕ್ಕೆ ಮಾತ್ರ ಶಾಶ್ವತವಾದ ರಕ್ಷೆಯೊಂದು ದೊರೆಯಿತು.

ಆ ತೀರ್ಪಿನ ಮರುದಿನವೇ ಹೊಸ ಮುಖ್ಯ ನ್ಯಾಯಾಧೀಶರ ಹೆಸರು ಪ್ರಕಟವಾಯಿತು. ಜ್ಯೇಷ್ಠತೆಯ ಕ್ರಮದಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಈ ಮೂವರನ್ನೂ ದಾಟಿ, ಅಲ್ಪಮತದವರಲ್ಲೊಬ್ಬರಾಗಿದ್ದ ನ್ಯಾಯಮೂರ್ತಿ ರೇ ಅವರಿಗೆ ಸರ್ಕಾರವು ಆ ಪದವಿಯನ್ನು ಕೊಟ್ಟಿತು. ಹೆಗ್ಡೆಯವರಿಗೆ ನಿವೃತ್ತಿಯ ವಯಸ್ಸಾದ 65 ತುಂಬಲು ಇನ್ನೂ ಒಂದು ವರ್ಷಕ್ಕೆ ಮೇಲ್ಪಟ್ಟು ಕಾಲವಿದ್ದಿತು. ಸುಮ್ಮನಿದ್ದರೆ ಸಂಬಳವೂ ಮರ್ಯಾದೆಯೂ ಉಳಿಯುತ್ತಿದ್ದುವು. ಆದರೆ ತೀರ್ಪು ರುಚಿಸದಿದ್ದಲ್ಲಿ ನ್ಯಾಯಾಧೀಶನನ್ನು ಹಿಂದಕ್ಕೆ ತಳ್ಳಬಹುದೆಂಬ ಪದ್ಧತಿಗೆ ತಮ್ಮ ಮೌನದಿಂದ ಸಮ್ಮತಿಯೀಯಲು ಅವರ ಅಂತಃಕರಣವು ಒಪ್ಪಲಿಲ್ಲ. ಏಪ್ರಿಲ್ 30ರಂದು ಅವರು ಪದತ್ಯಾಗಮಾಡಿದರು. ಶೆಲತ್, ಗ್ರೋವರ್ ಅವರೂ ಅದೇ ದಾರಿಯನ್ನು ಹಿಡಿದರು.

ಎರಡು ವರ್ಷ ಕಳೆದ ಬಳಿಕ, 1975ರ ಜೂನ್ ತಿಂಗಳಲ್ಲಿ, ದೇಶದ ಮೇಲೆ ತುರ್ತುಪರಿಸ್ಥಿತಿಯು ಕವಿಯಿತು. ಅದು ತೊಲಗಿದ 1977ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದ ಮತದಾರರು ಹೆಗ್ಡೆಯವರನ್ನು ಜನತಾ ಪಕ್ಷದಿಂದ ಲೋಕಸಭೆಗೆ ಕಳುಹಿಸಿದರು. ಸಭಾಧ್ಯಕ್ಷರಾಗಿದ್ದ ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯ ಸ್ಥಾನಕ್ಕಾಗಿ ಆ ಪೀಠವನ್ನು ಬಿಟ್ಟ ಬಳಿಕ, ಜುಲೈ 21ರಂದು ಅದು ಇವರಿಗೆ ಬಂದಿತು. ಇವರ ಅಧ್ಯಕ್ಷತೆಯ ಕಾಲದಲ್ಲಿಯೇ, 1978ರಲ್ಲಿ, ತುರ್ತುಪರಿಸ್ಥಿತಿಯ ಅಧಿಕಾರಗಳಿಗೆ ಕಡಿವಾಣಹಾಕಿದ 44ನೆಯ ತಿದ್ದುಪಡಿಯು ಅಂಗೀಕೃತವಾಯಿತು. ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ತೆಗೆದುದೂ ಅದೇ ತಿದ್ದುಪಡಿ. 1979ರಲ್ಲಿ ಸರ್ಕಾರಗಳು ಉರುಳಿ ಸಭೆಯು ವಿಸರ್ಜಿತವಾದರೂ, ಹೊಸ ಲೋಕಸಭೆಯು ಸೇರುವ ಕಾಲದವರೆಗೆ, ಅಂದರೆ 1980ರ ಜನವರಿ 21ರ ವರೆಗೆ, ಅವರೇ ಅಧ್ಯಕ್ಷರಾಗಿದ್ದರು.

ಊರಿನ ಋಣವನ್ನೂ ಅವರು ಮರೆತವರಲ್ಲ. 1979ರಲ್ಲಿ ಕಾರ್ಕಳದ ಬಳಿಯ ನಿಟ್ಟೆಯಲ್ಲಿ ಶಿಕ್ಷಣ ಟ್ರಸ್ಟನ್ನು ಸ್ಥಾಪಿಸಿ, ಹಳ್ಳಿಯ ಮಕ್ಕಳಿಗೆ ವಿದ್ಯೆಯು ಊರಿನ ಬಳಿಯಲ್ಲಿಯೇ ದೊರೆಯುವಂತೆ ಮಾಡಿದರು. ಆ ಬೀಜವು ಮುಂದೆ ವಿಶ್ವವಿದ್ಯಾಲಯವಾಗಿ ಬೆಳೆಯಿತು. 1990ರ ಮೇ 24ರಂದು ಅವರು ಕಾಲಾಧೀನರಾದರು. ಅವರ ಪುತ್ರರಾದ ಶ್ರೀ ಸಂತೋಷ ಹೆಗ್ಡೆಯವರೂ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾಗಿ, ತರುವಾಯ ಕರ್ನಾಟಕದ ಲೋಕಾಯುಕ್ತರಾಗಿ ಪ್ರಖ್ಯಾತರಾದರು.

ಮುಖ್ಯ ನ್ಯಾಯಾಧೀಶರ ಪದವಿಯು ಹೆಗ್ಡೆಯವರಿಗೆ ಬರಲಿಲ್ಲ. ಅವರು ಸೇರಿ ಕೊಟ್ಟ ತೀರ್ಪು ಮಾತ್ರ ಅಳಿಯಲಿಲ್ಲ. ಪದವಿಯು ಕಾಯಕಕ್ಕಾಗಿಯೇ ಹೊರತು ಕಾಯಕವು ಪದವಿಗಾಗಿ ಅಲ್ಲವೆಂಬುದನ್ನು ನಡೆದು ತೋರಿದ ಈ ಹಿರಿಯರ ಜೀವಿತವು ಭಕ್ತಜನರಿಗೆ ಸದಾ ಸ್ಮರಣೀಯವಾಗಿರಲಿ.