ಮಾಧವರಾವ್ ಶಿಂದೆ: ಆಟದ ರೈಲು, ಊರಿನ ರೈಲು

ಹೊಸೂರು ಮತ್ತು ಕೃಷ್ಣಗಿರಿಯ ಹಿರಿಯರಲ್ಲಿ ಕೆಲವರಿಗೆ ತಮ್ಮ ಮನೆಯ ಹಿರಿಯರಿಂದ ಕೇಳಿದ ಚಿಕ್ಕ ರೈಲಿನ ನೆನಪುಂಟು. 1905ರಲ್ಲಿ ತಿರುಪತ್ತೂರಿನಿಂದ ಕೃಷ್ಣಗಿರಿಗೆ, 1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ, 1913ರಲ್ಲಿ ಧರ್ಮಪುರಿಯಿಂದ ಹೊಸೂರಿಗೆ ಎರಡೂವರೆ ಅಡಿ ಅಗಲದ ಹಳಿಗಳು ಬಂದವು. ಬರಗಾಲದಲ್ಲಿ ಧಾನ್ಯ ಸಾಗಿಸಲು ಅನುಕೂಲವಾಗಲೆಂದು ಹಾಕಿದ ದಾರಿಗಳಿವು. 1941ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಇವು ಮುಚ್ಚಿಹೋದವು. ಹೊಸೂರಿಗೆ ಮುಂದೆ ಬೇರೆ ದಾರಿ ಬಂದಿತು. ಕೃಷ್ಣಗಿರಿ ಪಟ್ಟಣಕ್ಕೆ ಇಂದಿಗೂ ರೈಲು ನಿಲ್ದಾಣವಿಲ್ಲ. ಇಂಥ ಚಿಕ್ಕ ಹಳಿಗಳ ಚರಿತ್ರೆಯಲ್ಲಿ ಮರೆಯಬಾರದ ಹೆಸರೊಂದು ದೂರದ ಗ್ವಾಲಿಯರ್‌ನಲ್ಲಿದೆ. ಅಲ್ಲಿನ ಮಹಾರಾಜ ಮಾಧವರಾವ್ ಶಿಂದೆಯವರಿಗೆ ರೈಲು ಮೊದಲು ಹವ್ಯಾಸವಾಗಿತ್ತು, ಆಮೇಲೆ ರಾಜ್ಯದ ಕೆಲಸವಾಯಿತು, ಕೊನೆಗೆ ಊಟದ ಮೇಜಿನ ಮೇಲಿನ ಬೆಳ್ಳಿಯ ಆಟಿಕೆಯೂ ಆಯಿತು. ಆ ಜೀವನವನ್ನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಇಂಗ್ಲಿಷ್ ಬರಹಗಳ ಮೂಲಕ ಸಿಂಧಿಯಾ ಎಂದು ಪ್ರಸಿದ್ಧವಾಗಿರುವ ಈ ಮನೆತನವನ್ನು ಮರಾಠಿಯಲ್ಲಿ ಶಿಂದೆ ಎನ್ನುವುದೇ ರೂಢಿ. ಇವರ ಮೂಲ ಸಾತಾರಾ ಪ್ರಾಂತದ ಕನ್ಹೇರಖೇಡ. ಪೇಶ್ವೆಯರ ಕಾಲದಲ್ಲಿ ಉತ್ತರಕ್ಕೆ ಹೋದ ಈ ಸರದಾರರು ಗ್ವಾಲಿಯರ್‌ನಲ್ಲಿ ನೆಲೆನಿಂತು ದೊಡ್ಡ ಸಂಸ್ಥಾನವನ್ನು ಕಟ್ಟಿದರು. ಮಾಧವರಾವ್ ಅವರು ಹುಟ್ಟಿದ್ದು 1876ರ ಅಕ್ಟೋಬರ್ 20ರಂದು. ತಂದೆ ಜಯಾಜಿರಾವ್ 1886ರ ಜೂನ್‌ನಲ್ಲಿ ತೀರಿಕೊಂಡಾಗ ಬಾಲಕನಿಗೆ ಇನ್ನೂ ಹತ್ತು ತುಂಬಿರಲಿಲ್ಲ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಬಾಲ್ಯ ಇಲ್ಲಿ ಸಹಜವಾಗಿ ನೆನಪಾಗುತ್ತದೆ. ಎಂಟು ವರ್ಷಗಳ ಅನಂತರ, 1894ರ ಕೊನೆಯಲ್ಲಿ, ಅವರೂ ಹತ್ತರ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು ಸಿಂಹಾಸನಕ್ಕೆ ಬಂದರು. ಎರಡೂ ಕಡೆ ಬಾಲರಾಜರ ಹೆಸರಿನಲ್ಲಿ ಆಡಳಿತ ನಡೆಸಿದವರು ಬೇರೆಯವರು. ರಾಜಕುಮಾರನಿಗೆ ಸಿಕ್ಕಿದ್ದು ಪಾಠ, ಶಿಸ್ತು, ಸುತ್ತಲೂ ಹಿರಿಯರ ಕಾವಲು. ಮಾಧವರಾವ್ ಅವರಿಗೆ ಪೂರ್ಣಾಧಿಕಾರ ದೊರೆತದ್ದು 1894ರಲ್ಲಿ.

ಯಂತ್ರಗಳಲ್ಲಿ ಅವರಿಗೆ ಅಪಾರವಾದ ಆಸಕ್ತಿಯಿತ್ತು. 1890ರ ದಶಕದ ಮಧ್ಯಭಾಗದಲ್ಲಿ ಅವರು ತಮ್ಮ ಜಯವಿಲಾಸ ಅರಮನೆಯ ಆವರಣದಲ್ಲಿ ಎರಡು ಅಡಿ ಅಗಲದ ಹಳಿ ಹಾಕಿಸಿ ಉಗಿಬಂಡಿ ಓಡಿಸತೊಡಗಿದರು. ನಮ್ಮ ಬ್ರಾಡ್‌ಗೇಜ್ ಹಳಿಗಳ ಅಗಲ ಐದೂವರೆ ಅಡಿ. ಅದರ ಮೂರನೆಯ ಒಂದು ಭಾಗಕ್ಕಿಂತ ತುಸುವೇ ಹೆಚ್ಚಿನ ಅಗಲದಲ್ಲಿ ಈ ಬಂಡಿ ಓಡುತ್ತಿತ್ತು. ಮನುಷ್ಯರು ಕೂರಬಲ್ಲ ಗಾತ್ರದ್ದಾದರೂ ಅದನ್ನು ಕಟ್ಟಿದ ಉದ್ದೇಶ ವಿನೋದವೇ. ಮಹಾರಾಜರು ಅತಿಥಿಗಳನ್ನು ಕೂರಿಸಿಕೊಂಡು ತಾವೇ ಎಂಜಿನ್ ನಡೆಸುವುದುಂಟಿತ್ತು.

ಅದೇ ಕಾಲದಲ್ಲಿ ಇಂಗ್ಲೆಂಡಿನ ಶ್ರೀಮಂತರಲ್ಲಿಯೂ ಇಂಥ ಗೀಳು ಹಬ್ಬಿತ್ತು. ಡರ್ಬಿಶೈರ್‌ನ ಸರ್ ಆರ್ಥರ್ ಹೇವುಡ್ ತಮ್ಮ ಡಫೀಲ್ಡ್ ಬ್ಯಾಂಕ್ ಮನೆಯ ಗುಡ್ಡದಲ್ಲಿ ಕೇವಲ ಹದಿನೈದು ಅಂಗುಲ ಅಗಲದ ರೈಲುದಾರಿಯನ್ನು ಕಟ್ಟಿದ್ದರು. ದೊಡ್ಡ ಜಮೀನುಗಳಿಗೂ ಸೈನ್ಯಕ್ಕೂ ಇಂಥ ಪುಟ್ಟ ರೈಲು ಅಗ್ಗವಾಗಿ ಒದಗಬಲ್ಲದು ಎಂಬುದನ್ನು ತೋರಿಸುವ ಹಂಬಲ ಅವರದು. 1896ರಲ್ಲಿ ಈಟನ್ ಹಾಲ್ ಎಂಬಲ್ಲಿ ಡ್ಯೂಕ್ ಒಬ್ಬರ ಎಸ್ಟೇಟಿಗೆ ಅಂಥ ದಾರಿಯೊಂದನ್ನು ಅವರು ಹಾಕಿಕೊಟ್ಟರು. ಹೇವುಡ್ ಅವರ ವಾದಕ್ಕೆ ಅವರ ನಾಡಿನಲ್ಲಿ ಸಿಕ್ಕ ಮನ್ನಣೆ ಅಲ್ಪ. ಚಿಕ್ಕ ಹಳಿಯಿಂದ ದೊಡ್ಡ ಕೆಲಸವಾಗಬಹುದೆಂಬ ಮಾತಿಗೆ ಗ್ವಾಲಿಯರ್ ಕೊಟ್ಟ ಸಾಕ್ಷಿ ಅದಕ್ಕಿಂತ ಬಹಳ ದೊಡ್ಡದು.

ಗ್ವಾಲಿಯರ್‌ನ ಉತ್ತರಕ್ಕೂ ಪಶ್ಚಿಮಕ್ಕೂ ಚಂಬಲ್ ನದಿ ಕೊರೆದ ಕಂದರಗಳ ನಾಡಿದೆ. ದಕ್ಷಿಣಕ್ಕೆ ಶಿವಪುರಿಯ ಕಾಡು. ಹತ್ತೊಂಬತ್ತನೆಯ ಶತಮಾನದ ಕೊನೆಯ ಐದು ವರ್ಷಗಳಲ್ಲಿ ಮಧ್ಯಭಾರತವನ್ನು ಎರಡು ಘೋರ ಕ್ಷಾಮಗಳು ಕಾಡಿದವು. ದಾರಿಯಿಲ್ಲದ ಹಳ್ಳಿಗೆ ಕಣಜದಲ್ಲಿರುವ ಧಾನ್ಯ ತಲುಪದು. ಎತ್ತಿನ ಗಾಡಿಯಲ್ಲಿ ಕಳಿಸಿದರೆ ಹಾದಿಯಲ್ಲಿ ಎತ್ತುಗಳಿಗೂ ಮೇವಿಲ್ಲ. ಅರಮನೆಯ ತೋಟದಲ್ಲಿ ಆಡಿ ಕಲಿತ ಎರಡಡಿಯ ಹಳಿ ಇಂಥ ನಾಡಿಗೆ ಒಪ್ಪುವಂಥದು. ಹಳಿ ಕಿರಿದಾದಷ್ಟೂ ಬಂಡಿ ಬಿಗಿಯಾದ ತಿರುವುಗಳಲ್ಲಿ ತಿರುಗಬಲ್ಲದು, ಗುಡ್ಡವನ್ನು ಕಡಿಯದೆ ಬಳಸಿ ಹೋಗಬಲ್ಲದು. ಮಣ್ಣಿನ ಕೆಲಸ, ಸೇತುವೆ, ಕಬ್ಬಿಣ ಎಲ್ಲವೂ ಕಡಿಮೆ ಸಾಕು. ವೇಗ ಕಡಿಮೆಯೆಂಬುದು ಅದರ ದೋಷ. ಆದರೆ ರೈಲೇ ಇಲ್ಲದ ಊರಿನವರಿಗೆ ಅದೊಂದು ದೋಷವೆಂದು ತೋರಲಾರದು.

ಹೀಗೆ ಹುಟ್ಟಿದ್ದು ಗ್ವಾಲಿಯರ್ ಲೈಟ್ ರೈಲ್ವೆ. 1899ರ ಕೊನೆಯಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಅದನ್ನು ಉದ್ಘಾಟಿಸಿದರು. ಭಿಂಡ್ ಮತ್ತು ಶಿವಪುರಿಯ ಶಾಖೆಗಳು ಮೊದಲು ತೆರೆದವು. 1904ರಲ್ಲಿ ಸಬಲಗಢದವರೆಗೆ ಸಾಗಿದ ಮೂರನೆಯ ಶಾಖೆ 1909ರಲ್ಲಿ ಶ್ಯೋಪುರವನ್ನು ಮುಟ್ಟಿತು. ಈ ಒಂದು ಶಾಖೆಯ ಉದ್ದವೇ ಸುಮಾರು 200 ಕಿಲೋಮೀಟರು. ಎರಡಡಿಯ ಹಳಿಯಲ್ಲಿ ಇಷ್ಟು ದೂರದ ಪ್ರಯಾಣ ಜಗತ್ತಿನಲ್ಲೇ ಅಪರೂಪ.

ಇಷ್ಟೆಲ್ಲ ಆದ ಮೇಲೆ ಬಂದದ್ದು, ಇಂದು ಎಲ್ಲರೂ ಬಲ್ಲ ಬೆಳ್ಳಿಯ ರೈಲು. ಸಾಮಾನ್ಯವಾಗಿ ಮನುಷ್ಯ ಎಳವೆಯಲ್ಲಿ ಆಟಿಕೆಯ ರೈಲಿನಿಂದ ತೊಡಗಿ ನಿಜವಾದ ರೈಲಿನ ಕನಸು ಕಾಣುತ್ತಾನೆ. ಮಾಧವರಾವ್ ಅವರಲ್ಲಿ ಈ ಕ್ರಮ ತಿರುಗಿತು. ನೂರಾರು ಕಿಲೋಮೀಟರು ಹಳಿ ಹಾಕಿಸುತ್ತಿದ್ದ ದೊರೆ 1906ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ನ ಬ್ಯಾಸೆಟ್-ಲೋಕ್ ಎಂಬ ಹೆಸರಾಂತ ಮಾದರಿ ತಯಾರಕರಿಂದ ಮೇಜಿನ ಮೇಲೆ ಓಡುವ ರೈಲನ್ನು ಮಾಡಿಸಿ ತರಿಸಿದರು. ಜಯವಿಲಾಸದ ಭೋಜನಶಾಲೆಯ ಉದ್ದನೆಯ ಮೇಜಿನ ಮೇಲೆ ಹಳಿಗಳನ್ನು ಸುತ್ತು ಹಾಕಲಾಯಿತು. ಬೆಳ್ಳಿಯ ಎಂಜಿನ್ ತನ್ನ ಹಿಂದೆ ಏಳು ಗಾಡಿಗಳನ್ನು ಎಳೆಯುತ್ತದೆ. ಮನೆತನದ ಹೆಸರಿನ ಏಳು ಇಂಗ್ಲಿಷ್ ಅಕ್ಷರಗಳು ಒಂದೊಂದು ಗಾಡಿಯಲ್ಲಿ ಒಂದೊಂದರಂತೆ ಮೂಡಿವೆ. ಊಟವಾದ ಮೇಲೆ ಗಾಜಿನ ಕುಪ್ಪಿಗಳಲ್ಲಿ ಮದ್ಯವನ್ನೂ ಜೊತೆಗೆ ಚುಟ್ಟ, ಒಣಹಣ್ಣುಗಳನ್ನೂ ಹೊತ್ತು ಅದು ಅತಿಥಿಗಳ ಮುಂದೆ ಸಾಗುತ್ತಿತ್ತು. ಓಡಿಸುತ್ತಿದ್ದುದು ವಿದ್ಯುತ್ತು. ಯಾರಾದರೂ ಕುಪ್ಪಿಯನ್ನು ಎತ್ತಿದ ಕೂಡಲೇ ರೈಲು ತಾನಾಗಿ ನಿಲ್ಲುತ್ತಿತ್ತು. ಮರಳಿ ಇಟ್ಟರೆ ಮುಂದೆ ಹೊರಡುತ್ತಿತ್ತು. ಬಡಿಸುವವನ ಉಪಚಾರವನ್ನು ಯಂತ್ರಕ್ಕೆ ಕಲಿಸಿದಂತಿತ್ತು ಈ ಏರ್ಪಾಡು.

ಈ ರೈಲಿನ ಕಥೆಯನ್ನಷ್ಟೇ ಕೇಳಿದವರು ಮಹಾರಾಜರನ್ನು ವಿಲಾಸಿಯೆಂದು ತಿಳಿಯುವುದು ಸಹಜ. ವಿಲಾಸವಿರಲಿಲ್ಲವೆಂದು ಹೇಳಲಾಗದು. ಹುಲಿಬೇಟೆಯ ಹುಚ್ಚು ಅವರಿಗಿತ್ತು. ಚಕ್ರವರ್ತಿಯ ಮನೆತನದ ಮೇಲಿನ ನಿಷ್ಠೆ ಎಷ್ಟೆಂದರೆ ತಮ್ಮ ಮಕ್ಕಳ ಹೆಸರುಗಳಿಗೆ ಜಾರ್ಜ್ ಮತ್ತು ಮೇರಿ ಎಂಬುವನ್ನು ಸೇರಿಸಿದರು. 1900ರಲ್ಲಿ ಚೀನಾದ ಯುದ್ಧಕ್ಕೆ ಗ್ವಾಲಿಯರ್ ಹೆಸರಿನ ಆಸ್ಪತ್ರೆಯ ಹಡಗನ್ನು ಸಜ್ಜುಗೊಳಿಸಿ ಕೊಟ್ಟು ತಾವೂ ಅಲ್ಲಿಗೆ ಹೋದರು. ಆದರೆ ಅದೇ ದೊರೆ 1897ರಲ್ಲಿ ಗ್ವಾಲಿಯರ್ ಕೋಟೆಯಲ್ಲಿ ಸರದಾರರ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಇಂದಿನ ಸಿಂಧಿಯಾ ಶಾಲೆ ಅದೇ. ಟಾಟಾ ಉಕ್ಕಿನ ಕಾರ್ಖಾನೆ ತನ್ನ ಆರಂಭದ ದಿನಗಳಲ್ಲಿ ಚಾಲ್ತಿ ಬಂಡವಾಳಕ್ಕಾಗಿ ಸಾಲಪತ್ರಗಳನ್ನು ಹೊರಡಿಸಿದಾಗ ನಾಲ್ಕು ಲಕ್ಷ ಪೌಂಡುಗಳ ಆ ಮೊತ್ತವಷ್ಟನ್ನೂ ಅವರೊಬ್ಬರೇ ಕೊಂಡರು. ದೇಶದಲ್ಲಿ ಉಕ್ಕು ತಯಾರಾಗುವುದೇ ಅನುಮಾನವೆನ್ನುತ್ತಿದ್ದ ಕಾಲವದು.

ಕನ್ನಡಿಗರಿಗೆ ಹತ್ತಿರವಾದ ಇನ್ನೊಂದು ಸಂಗತಿಯೂ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯ ಬಳಿಯ ಖಡಕವಾಸಲಾ ಜಲಾಶಯದಲ್ಲಿ 1903ರಲ್ಲಿ ಮೊದಲು ಅಳವಡಿಸಿದ ಸ್ವಯಂಚಾಲಿತ ತೂಬಿನ ಬಾಗಿಲುಗಳು ಆಮೇಲೆ ಕಂಡದ್ದು ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟಿನಲ್ಲಿ ಮತ್ತು ನಮ್ಮ ಕೃಷ್ಣರಾಜಸಾಗರದಲ್ಲಿ. ನೀರು ನಿಗದಿಯಾದ ಮಟ್ಟಕ್ಕೇರಿದಾಗ ಬಾಗಿಲು ತಾನಾಗಿ ತೆರೆಯುವುದು ಆ ಏರ್ಪಾಡಿನ ಜಾಣ್ಮೆ. ಕುಪ್ಪಿ ಎತ್ತಿದರೆ ತಾನಾಗಿ ನಿಲ್ಲುವ ರೈಲನ್ನು ಮೆಚ್ಚಿಕೊಂಡ ರಾಜ್ಯಕ್ಕೆ ಇಂಥ ಬಾಗಿಲು ಒಪ್ಪಿಗೆಯಾದದ್ದರಲ್ಲಿ ಆಶ್ಚರ್ಯವಿಲ್ಲ.

1925ರ ಜೂನ್ 5ರಂದು ಮಾಧವರಾವ್ ಪ್ಯಾರಿಸ್‌ನಲ್ಲಿ ನಿಧನರಾದರು. ಆಗ ಅವರ ವಯಸ್ಸು ನಲವತ್ತೆಂಟು. ಮಗ ಜೀವಾಜಿರಾವ್‌ಗೆ ಇನ್ನೂ ಒಂಬತ್ತು ತುಂಬಿರಲಿಲ್ಲ. ತಂದೆಯ ಬಾಲ್ಯದ ಪಾಡೇ ಮಗನಿಗೂ ಬಂದಿತು. ಸಂಸ್ಥಾನ ಮತ್ತೆ ಬಾಲರಾಜನ ಹೆಸರಿನಲ್ಲಿ ನಡೆಯಿತು. ಶಿವಪುರಿಯಲ್ಲಿ ತಾಯಿ ಸಖ್ಯಾರಾಜೆಯವರ ಛತ್ರಿಯ ಎದುರಿಗೆ ಮಾಧವರಾವ್ ಅವರ ಅಮೃತಶಿಲೆಯ ಛತ್ರಿ ಇದೆ. ಅವರು ಹಾಕಿಸಿದ ಮೊದಲ ಹಳಿಗಳಲ್ಲೊಂದು ಆ ಊರಿಗೇ ಬರುತ್ತಿತ್ತು.

ಸ್ವಾತಂತ್ರ್ಯಾನಂತರ, 1951ರಲ್ಲಿ, ಗ್ವಾಲಿಯರ್‌ನ ರೈಲು ಮಧ್ಯ ರೈಲ್ವೆಯಲ್ಲಿ ಸೇರಿತು. ಭಿಂಡ್ ಮತ್ತು ಶಿವಪುರಿಯ ಚಿಕ್ಕ ಹಳಿಗಳು ಕಾಲಕ್ರಮದಲ್ಲಿ ಮರೆಯಾದವು. ಶ್ಯೋಪುರದ ಗಾಡಿ ಮಾತ್ರ ನೂರು ವರ್ಷಗಳಿಗೂ ಮೀರಿ ಓಡಿತು. ಒಳಗೆ ಜಾಗ ಸಾಲದೆ ಜನ ಛಾವಣಿಯ ಮೇಲೂ ಕೂತು ಹೋಗುತ್ತಿದ್ದರು. 2020ರ ಮಾರ್ಚ್‌ನಲ್ಲಿ ಕೋವಿಡ್ ನಿರ್ಬಂಧದೊಡನೆ ಅದು ನಿಂತಿತು. ಬ್ರಾಡ್‌ಗೇಜ್ ಕೆಲಸಕ್ಕಾಗಿ ಆ ಹಳಿಯನ್ನು ಬಿಟ್ಟುಕೊಡಲಾಯಿತು. ಬೆಳ್ಳಿಯ ರೈಲು ಜಯವಿಲಾಸದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಸುರಕ್ಷಿತವಾಗಿದೆ. ಪ್ರವಾಸಿಗರು ಟಿಕೆಟು ಕೊಂಡು ನೋಡುತ್ತಾರೆ.

ಮಾಧವರಾವ್ ಅವರ ಜೀವನವನ್ನು ಅಳೆಯುವಾಗ ಈ ವ್ಯತ್ಯಾಸವನ್ನು ಗಮನಿಸಬೇಕು. ಬೆಲೆಬಾಳುವ ಲೋಹದ ಆಟಿಕೆ ಉಳಿಯಿತು. ಧಾನ್ಯವನ್ನೂ ಬಡವರನ್ನೂ ಹೊತ್ತ ಕಬ್ಬಿಣದ ಹಳಿ ಕಳಚಿಹೋಯಿತು. ಉಳಿದ ವಸ್ತುವಿನಿಂದಲೇ ಮನುಷ್ಯನನ್ನು ನಿರ್ಣಯಿಸುವ ಅಭ್ಯಾಸ ಚರಿತ್ರೆಯಲ್ಲಿ ಬಹಳ. ಹಾಗೆ ನಿರ್ಣಯಿಸಿದರೆ ಗ್ವಾಲಿಯರ್‌ನ ದೊರೆ ಮೇಜಿನ ಮೇಲೆ ಕುಪ್ಪಿ ಓಡಿಸಿದವರಾಗಿ ಮಾತ್ರ ಉಳಿಯುತ್ತಾರೆ. ಅವರ ಹವ್ಯಾಸದ ನಿಜವಾದ ಫಲ ಕಂಡದ್ದು ಶ್ಯೋಪುರದ ದಾರಿಯಲ್ಲಿ ಸಂತೆಗೆ ಹೊರಟ ರೈತನ ಗಂಟಿನಲ್ಲಿ; ಆ ಗಂಟನ್ನು ಯಾವ ವಸ್ತುಸಂಗ್ರಹಾಲಯವೂ ಇಟ್ಟುಕೊಂಡಿಲ್ಲ.

ನಮ್ಮ ಸೀಮೆಯಲ್ಲಿಯೂ ಪರಿಸ್ಥಿತಿ ಬೇರೆಯಲ್ಲ. ಹೊಸೂರು, ಧರ್ಮಪುರಿ, ಕೃಷ್ಣಗಿರಿಗಳ ಪುಟ್ಟ ರೈಲಿಗೆ ಬೆಳ್ಳಿಯ ಮಾದರಿ ಮಾಡಿಸಿದ ರಾಜರಿರಲಿಲ್ಲ. ಅದು ಉಳಿದಿರುವುದು ಮನೆಮನೆಯ ಮಾತಿನಲ್ಲಿ, ಕನ್ನಡ, ತಮಿಳು, ತೆಲುಗು, ಮರಾಠಿಗಳಲ್ಲಿ ಹಂಚಿಹೋದ ನೆನಪುಗಳಲ್ಲಿ. ಆ ಮಾತುಗಳನ್ನು ಕೇಳಿ ಬರೆದಿಡುವ ಹವ್ಯಾಸವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ನಾಲ್ಕು ಜನ ಬೆಳೆಸಿಕೊಂಡರೂ ಸಾಕು. ಹಳಿ ಕಿತ್ತು ಎಂಬತ್ತು ವರ್ಷಗಳ ಮೇಲಾಗಿದೆ. ಹೇಳಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.