ಕರ್ನಲ್ ಕಾಲಿನ್ ಮೆಕೆಂಜಿ (1754–1821)

ಮೈಸೂರು ರಾಜ್ಯದ ವ್ಯಾಪಕ ಮೋಜಣಿಯನ್ನು ನಡೆಸಿದ ಕಾಲಿನ್ ಮೆಕೆಂಜಿಯವರು 1754ರಲ್ಲಿ ಸ್ಕಾಟ್‌ಲೆಂಡಿನ ಸ್ಟಾರ್ನೊವೇ ಪಟ್ಟಣದಲ್ಲಿ ಜನಿಸಿದರು. 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆಂದು ಮದರಾಸಿಗೆ ಬಂದರು.

1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಟಿಪ್ಪುವಿನ ರಾಜ್ಯವು ಹಂಚಿಹೋಯಿತು. ಉಳಿದ ಮೈಸೂರಿನ ಹೊಸ ಗಡಿಗಳನ್ನು ಖಚಿತಪಡಿಸುವುದು ಅನಿವಾರ್ಯವಾಯಿತು. ಈ ಹೊಣೆಯನ್ನು ಮೆಕೆಂಜಿಯವರಿಗೆ ವಹಿಸಲಾಯಿತು. ಇಂದಿನ ಅರಸೀಕೆರೆ, ಬೇಲೂರು, ಹಳೇಬೀಡು ಹಾಗೂ ಹುಲಿಕೆರೆ ಪ್ರದೇಶಗಳು ಆಗ ಈ ರಾಜ್ಯಕ್ಕೇ ಸೇರಿದ್ದವು.

ಕೇವಲ ನಕ್ಷೆಯಿಂದ ಆಡಳಿತಕ್ಕೆ ಪೂರ್ಣ ಪ್ರಯೋಜನವಾಗದೆಂದು ಅರಿತ ಅವರು ಗ್ರಾಮ, ಕೆರೆ, ಬೆಳೆ ಹಾಗೂ ಜನಸಂಖ್ಯೆಯ ವಿವರಗಳನ್ನೂ ಶಾಸನಗಳ ಪ್ರತಿಗಳನ್ನೂ ಸಂಗ್ರಹಿಸಿದರು. ಸಿಬ್ಬಂದಿಯಲ್ಲಿ ಹಲವರು ಜ್ವರಕ್ಕೆ ತುತ್ತಾದರು. ಪ್ರಮುಖ ಸಹಾಯಕರಾಗಿದ್ದ ಕಾವಲಿ ವೆಂಕಟ ಬೋರಯ್ಯನವರು 1803ರಲ್ಲಿ ನಿಧನರಾದಾಗ ಅವರ ಸಹೋದರ ಲಕ್ಷ್ಮಯ್ಯನವರು ಕಾರ್ಯವನ್ನು ಮುಂದುವರಿಸಿದರು. ಸುಮಾರು 40,000 ಚದರ ಮೈಲಿ ಪ್ರದೇಶದ ಮೋಜಣಿ ಹೀಗೆ ನೆರವೇರಿತು.

1815ರಲ್ಲಿ ಭಾರತದ ಪ್ರಥಮ ಸರ್ವೇಯರ್ ಜನರಲ್ ಆಗಿ ನೇಮಕಗೊಂಡ ಮೆಕೆಂಜಿಯವರು 1821ರ ಮೇ 8ರಂದು ನಿಧನರಾದರು. ಅವರ ಸಂಗ್ರಹವು ಚೆನ್ನೈ ಹಾಗೂ ಲಂಡನ್ನಿನಲ್ಲಿ ಸಂರಕ್ಷಿತವಾಗಿದೆ.

ಸಾರ್ವಜನಿಕರು ಇಂದು ಪಡೆಯುವ ಗ್ರಾಮ ನಕ್ಷೆಗಳಿಗೆ ನಂತರದ ಕಂದಾಯ ಮೋಜಣಿಯೇ ಆಧಾರ. ಆದರೂ ಗಡಿಯನ್ನೂ ಅಂಕಿಅಂಶಗಳನ್ನೂ ಜೊತೆಗೂಡಿಸಿ ಒಂದು ಪ್ರದೇಶವನ್ನು ಅರಿಯುವ ಕ್ರಮಕ್ಕೆ ಅವರ ಕಾರ್ಯವು ಈ ನಾಡಿನ ಮಹತ್ವದ ನಿದರ್ಶನವಾಗಿದೆ.