ನಗೆಗಾರ್ತಿ ಟಿ. ಸುನಂದಮ್ಮ

ಗೃಹಿಣಿಯನ್ನು ಕುರಿತು ನಗೆಯಾಡುವುದು ಕನ್ನಡದಲ್ಲಿ ಹೊಸದೇನೂ ಆಗಿರಲಿಲ್ಲ. ಆಕೆಯ ಒಡವೆಯ ಆಸೆ, ತೌರುಮನೆಯ ಹೊಗಳಿಕೆ, ಅಡುಗೆಯ ಅವಾಂತರ ಇವೆಲ್ಲ ಗಂಡಸರ ಲೇಖನಿಗೆ ಸುಲಭವಾಗಿ ಒದಗುತ್ತಿದ್ದ ವಸ್ತುಗಳು. ಆ ಗೃಹಿಣಿಯೇ ಲೇಖನಿ ಹಿಡಿದು ನಗಿಸತೊಡಗಿದರೆ ಏನಾದೀತೆಂಬುದನ್ನು ತೋರಿಸಿಕೊಟ್ಟವರು ಟಿ. ಸುನಂದಮ್ಮನವರು. ಕನ್ನಡದ ಮೊದಲ ಹಾಸ್ಯಲೇಖಕಿಯೆಂಬ ಮನ್ನಣೆ ಅವರದು.

ಅವರು ಜನಿಸಿದ್ದು 1917ರಲ್ಲಿ. ಹೆಣ್ಣುಮಕ್ಕಳು ಗಟ್ಟಿಯಾಗಿ ನಕ್ಕರೆ ಹಿರಿಯರು ಗದರಿಸುತ್ತಿದ್ದ ಕಾಲವದು. 1942ರಲ್ಲಿ, ವೃತ್ತಿಯಿಂದ ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಅಂದರೆ 'ರಾಶಿ'ಯವರು, 'ಕೊರವಂಜಿ' ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದರು. ಯುದ್ಧದ ದಿನಗಳು, ಅಕ್ಕಿ, ಸೀಮೆಎಣ್ಣೆಗಳಿಗೂ ಜನ ಪರದಾಡುತ್ತಿದ್ದರು. ನಗೆಯೊಂದಕ್ಕೆ ಮಾತ್ರ ಪಡಿತರವಿರಲಿಲ್ಲ! ಆ ಪತ್ರಿಕೆಯ ಮೂಲಕ ಸುನಂದಮ್ಮನವರು ನಾಡಿನ ಓದುಗರಿಗೆ ಪರಿಚಿತರಾದರು.

ವಸ್ತುವಿಗಾಗಿ ಅವರು ದೂರ ಹೋಗಲಿಲ್ಲ. ಮಧ್ಯಮವರ್ಗದ ಮನೆ, ಗಂಡಹೆಂಡಿರ ಸಣ್ಣ ಜಗಳ, ನೆರೆಹೊರೆಯವರ ಜಂಬ ಇಷ್ಟೇ ಅವರಿಗೆ ಸಾಕಾಯಿತು. ಗಂಡಸರ ಠೀವಿಯನ್ನು ಗೇಲಿ ಮಾಡಿದಷ್ಟೇ ಧಾರಾಳವಾಗಿ ಹೆಂಗಸರ ದೌರ್ಬಲ್ಯಗಳನ್ನೂ ಗೇಲಿ ಮಾಡಿದರು. ಅಲ್ಲಿ ಕಹಿಯಿಲ್ಲ, ಪರಿಹಾಸಕ್ಕೆ ಗುರಿಯಾದವರೂ ಜೊತೆಗೂಡಿ ನಗಬಹುದು. ಇದು ಸುಲಭವೆಂದು ತಿಳಿದವರು ಅಂಥ ಒಂದು ಪುಟವನ್ನು ಬರೆದು ನೋಡಬೇಕು.

'ಕೊರವಂಜಿ' 1967ರಲ್ಲಿ ನಿಂತುಹೋಯಿತು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘವು ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷೆಯಾದವರು, ಆಗಲೇ ಅರವತ್ತು ದಾಟಿದ್ದ ಸುನಂದಮ್ಮನವರು. ಗಂಭೀರ ಕವಯಿತ್ರಿಯರೂ ಕಾದಂಬರಿಕಾರ್ತಿಯರೂ ಇದ್ದ ನಾಡಿನಲ್ಲಿ ಆ ಹಿರಿತನ ಸಂದದ್ದು ನಗೆಗಾರ್ತಿಗೆ. ಅವರು ತೀರಿಕೊಂಡದ್ದು 2006ರಲ್ಲಿ.